ಹಳೆ ಬ್ಯಾಟರಿ ಹಾಳಾಗಿತ್ತು ಅಂತ ಹೇಗೆ ಗೊತ್ತಾಯ್ತು?

ಆ ಮೇಷ್ಟ್ರು ಬೈದಿದ್ದರೆ ಇಷ್ಟೊತ್ತಿಗೆ ಮರೆತುಬಿಡುತ್ತಿದ್ದೆನೋ ಏನೋ. ಬೈಯಲಿಲ್ಲ, ಪ್ರಶ್ನೆ ಕೇಳಿದರು.

ಸಕಲೇಶಪುರದಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಶಿರಾಡಿ ಘಾಟಿ ಹತ್ತಿ ಹೊಗೆಯಾಡುತ್ತಾ ಬರುವ ಗಾಡಿಗಳು ಒಂದಷ್ಟು, ತೋಟದ ಮನೆಯ ಶೆಡ್ಡಿನಲ್ಲಿ ಮಳೆಗಾಲವಿಡೀ ತೇವ ಕುಡಿದು ತುಕ್ಕು ಹಿಡಿದವು ಒಂದಷ್ಟು. ಮೇಷ್ಟ್ರದ್ದು ಎರಡನೇ ಜಾತಿ. ನಿವೃತ್ತರು, ವಾರಕ್ಕೆರಡು ಸಲ ಪೇಟೆಗೆ ಬರುವುದು ಬಿಟ್ಟರೆ ಕಾರು ಹೊರಗೆ ತೆಗೆಯುವವರಲ್ಲ. ಒಂದು ಜುಲೈ ಬೆಳಿಗ್ಗೆ ಫೋನ್ ಮಾಡಿದರು: "ಏನಪ್ಪಾ, ಗಾಡಿ ಸೆಲ್ಫ್ ತಗೋತಿಲ್ಲ. ಲೈಟೆಲ್ಲಾ ಚೆನ್ನಾಗೇ ಉರೀತಿದೆ. ಕೀ ತಿರುಗಿಸಿದ್ರೆ ಟಕ್ ಅಂತ ಒಂದೇ ಸದ್ದು, ಅಷ್ಟೆ. ಬ್ಯಾಟರಿ ಹೋಗಿರಬೇಕು."

ಇಷ್ಟರಲ್ಲಿ ನನ್ನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಬ್ಯಾಟರಿಗೆ ಮೂರು ವರ್ಷ ದಾಟಿತ್ತು, ಹೊರಗೆ ಧೋ ಅಂತ ಮಳೆ, ಗಿರಾಕಿಯೇ ಬ್ಯಾಟರಿ ಅಂತಿದ್ದಾರೆ. ಹೊಸದು ತಗೊಂಡು ಹೋಗಿ ಕೂರಿಸಿದೆ. ಗಾಡಿ ಸ್ಟಾರ್ಟ್ ಆಯಿತು. ಎಕ್ಸ್‌ಚೇಂಜ್ ಕಳೆದು 4,200 ರೂಪಾಯಿ. ಹಳೆಯದು ಗುಜರಿಗೆ ಹೋಯಿತು.

ಎರಡು ವಾರಕ್ಕೆ ಮತ್ತೆ ಅದೇ ಟಕ್. ಈಗ ಬ್ಯಾಟರಿ ಹೊಸದಲ್ಲವೇ, ಹಾಗಾದರೆ ಸೆಲ್ಫ್ ಮೋಟರೇ ಹೋಗಿದೆ ಎಂದುಕೊಂಡೆ. ಬಿಚ್ಚಿ ಕಾರ್ಬನ್ ಬ್ರಷ್ ಹಾಕಿಸಿದೆ, 1,800 ಬಿಲ್ಲು. ಹತ್ತು ದಿನ ಓಡಿತು. ಮತ್ತೆ ಟಕ್.

ಮೂರನೇ ಸಲ ನನಗೆ ಕೆಲಸ ಕಲಿಸಿದ ಹಾಸನದ ಮೇಸ್ತ್ರಿಗೆ ಫೋನ್ ಹಚ್ಚಿದೆ. ಅವರಿಗೆ ಫೋನಿನಲ್ಲಿ ಉದ್ದ ಮಾತಾಡುವ ಅಭ್ಯಾಸ ಇಲ್ಲ. "ಜಂಪರ್ ಕೇಬಲ್ ತಗೊ. ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ತುದಿ ಇಂಜಿನ್ ಮೈಗೆ ಕಚ್ಚಿಸು. ಆಮೇಲೆ ಕೀ ತಿರುಗಿಸು" ಅಂದು ಇಟ್ಟುಬಿಟ್ಟರು. ಕಚ್ಚಿಸಿದೆ. ಒಂದೇ ಏಟಿಗೆ ಸ್ಟಾರ್ಟ್.

ಕಾರಿನ ಬಾಡಿಯಿಂದ ಇಂಜಿನ್ನಿಗೆ ಹೋಗುವ ಅರ್ಥ್ ವೈರು ಬೋಲ್ಟಿನ ಹತ್ತಿರ ಹಸಿರು ಹಿಡಿದು ಒಳಗೊಳಗೇ ಕೊಳೆತಿತ್ತು. ಮೇಲಿನ ರಬ್ಬರು ಮಾತ್ರ ನೆಟ್ಟಗಿತ್ತು, ನೋಡಿದರೆ ಏನೂ ಗೊತ್ತಾಗದು. ಹೆಡ್‌ಲೈಟಿಗೆ ಹತ್ತು ಆಂಪಿಯರ್ ಆಚೀಚೆ ಸಾಕು, ಮತ್ತೆ ಅದರ ಕರೆಂಟು ಬಾಡಿಯಿಂದಲೇ ವಾಪಸು ಹೋಗುತ್ತದೆ, ಇಂಜಿನ್ನಿನ ಗೊಡವೆ ಬೇಡ. ಸೆಲ್ಫ್ ಮೋಟರಿಗೆ ನೂರು ಆಂಪಿಯರ್‌ಗೂ ಮೀರಿ ಬೇಕು, ಅದು ವಾಪಸು ಬರಬೇಕಾದ್ದು ಇದೇ ಕೊಳೆತ ವೈರಿನಲ್ಲಿ. ಹೊಸ ಬ್ಯಾಟರಿಯ ಬಲಕ್ಕೆ, ಬಿಚ್ಚಿ ಕಟ್ಟುವಾಗ ವೈರು ಅಲುಗಾಡಿದ್ದಕ್ಕೆ ಒಂದಷ್ಟು ದಿನ ಹೇಗೋ ಎಳೆದಿದೆ. ಮೇಷ್ಟ್ರು ಮೊದಲ ದಿನವೇ "ಲೈಟೆಲ್ಲಾ ಚೆನ್ನಾಗೇ ಉರೀತಿದೆ" ಅಂದಿದ್ದರು. ಉತ್ತರ ಅದರಲ್ಲೇ ಇತ್ತು. ಹೊಸ ವೈರಿಗೆ 250 ರೂಪಾಯಿ.

ಸೆಲ್ಫ್ ಬಿಲ್ಲಿನ ದುಡ್ಡು ವಾಪಸು ಕೊಟ್ಟೆ. ಮೇಷ್ಟ್ರು ಎಣಿಸಿ ಜೇಬಿಗಿಟ್ಟುಕೊಂಡು ಕೇಳಿದರು: "ಅಲ್ಲಪ್ಪಾ, ಹಳೆ ಬ್ಯಾಟರಿ ಹಾಳಾಗಿತ್ತು ಅಂತ ನಿಂಗೆ ಹೇಗೆ ಗೊತ್ತಾಯ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೀಟರ್ ಹಿಡಿದೇ ಇರಲಿಲ್ಲ. ಗೋಡೆಗೆ ಎರಡು ಮಲ್ಟಿಮೀಟರ್ ನೇತಾಡುತ್ತಿದ್ದವು.

ಅವತ್ತಿನಿಂದ ನನ್ನ ಗ್ಯಾರೇಜಿನಲ್ಲಿ ಜಾಬ್ ಕಾರ್ಡಿನ ಮೇಲೆ ಗಿರಾಕಿ ಹೇಳಿದ ಮಾತನ್ನು ಹೇಳಿದ ಹಾಗೇ ಬರೆಯುತ್ತೇವೆ. ಅದರ ಕೆಳಗೆ ಮೀಟರ್ ರೀಡಿಂಗ್. ಎರಡೂ ಇಲ್ಲದೆ ಯಾವ ಹುಡುಗನೂ ಸ್ಪ್ಯಾನರ್ ಎತ್ತುವ ಹಾಗಿಲ್ಲ. ಶುರುವಿನಲ್ಲಿ ಹುಡುಗರು ಗೊಣಗಿದರು. ಈಗಲೂ ಗೊಣಗುತ್ತಾರೆ.

ಗಾಡಿ ಇಟ್ಟುಕೊಂಡವರೂ ಇದನ್ನು ಮಾಡಬಹುದು, ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಐನೂರು ರೂಪಾಯಿಯೊಳಗೇ ಸಿಗುತ್ತದೆ. ಡಿಸಿ 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ರಾತ್ರಿ ನಿಲ್ಲಿಸಿದ ಗಾಡಿಯಲ್ಲಿ ಬೆಳಿಗ್ಗೆ 12.6 ತೋರಿಸಿದರೆ ಬ್ಯಾಟರಿ ತುಂಬಿದೆ. 12.4 ಆದರೆ ಮುಕ್ಕಾಲು. 12ಕ್ಕೆ ಇಳಿದಿದ್ದರೆ ಹೆಚ್ಚುಕಮ್ಮಿ ಬರಿದಾಗಿದೆ ಅಂತ. ಯಾರನ್ನಾದರೂ ಕೀ ತಿರುಗಿಸಲು ಹೇಳಿ, ಸೆಲ್ಫ್ ಎಳೆಯುವಾಗ ಅಂಕಿ 9.6ಕ್ಕಿಂತ ಕೆಳಗೆ ಬೀಳಬಾರದು. ಸ್ಟಾರ್ಟ್ ಆದ ಮೇಲೆ 13.8ರಿಂದ 14.4ರ ನಡುವೆ ನಿಂತರೆ ಚಾರ್ಜಿಂಗ್ ಸರಿ ಇದೆ. ಹೊಸ ಗಾಡಿಗಳಲ್ಲಿ ಕಂಪ್ಯೂಟರೇ ಚಾರ್ಜಿಂಗ್ ಏರಿಳಿಸುತ್ತದೆ, ಅವುಗಳಲ್ಲಿ ಈ ಅಂಕಿ ಆಗಾಗ ಕುಣಿದರೆ ಗಾಬರಿ ಬೇಡ. ಆದರೆ ಇಂಜಿನ್ ಓಡುತ್ತಿದ್ದರೂ 12ರ ಆಸುಪಾಸಿನಲ್ಲೇ ಇದ್ದು ಇಳಿಯುತ್ತಲೇ ಹೋದರೆ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಕಡೆ ನೋಡಬೇಕು, ಹೊಸ ಬ್ಯಾಟರಿ ಹಾಕಿದರೂ ಅದು ನಾಳೆ ಖಾಲಿಯಾಗುತ್ತದೆ.

ಅರ್ಥ್ ನೋಡುವುದು ಇನ್ನೂ ಸುಲಭ. ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಸೆಲ್ಫ್ ಹೊಡೆಯಿರಿ. ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ದಾಟಿದರೆ ಎಲ್ಲೋ ತಡೆ ಇದೆ. ಮೇಷ್ಟ್ರ ಗಾಡಿಯಲ್ಲಿ ನಾನು ಮೊದಲ ದಿನವೇ ಇದನ್ನು ಮಾಡಿದ್ದರೆ ಎರಡು ನಿಮಿಷದ ಕೆಲಸ.

ಮೀಟರ್ ಇಲ್ಲದವರಿಗೆ ಕಿವಿ ಕಣ್ಣು ಇವೆಯಲ್ಲ. ಹೆಡ್‌ಲೈಟ್ ಹಾಕಿಕೊಂಡು ಕೀ ತಿರುಗಿಸಿ. ಟಿಕ್‌ಟಿಕ್‌ಟಿಕ್ ಅಂತ ಬೇಗಬೇಗ ಬಡಿದುಕೊಂಡು ಲೈಟು ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲ. ಲೈಟು ಹಾಗೇ ಉರಿಯುತ್ತಾ ಒಂದೇ ಟಕ್ ಬಂದರೆ ಅರ್ಥ್ ವೈರು, ಸೆಲ್ಫ್ ಅಥವಾ ಅದಕ್ಕೆ ಕರೆಂಟು ಬಿಡುವ ಸ್ವಿಚ್ಚು, ಅಂದರೆ ಸೊಲೆನಾಯ್ಡ್. ಸೆಲ್ಫ್ ಚೆನ್ನಾಗಿ ತಿರುಗುತ್ತಿದೆ, ಇಂಜಿನ್ ಹಿಡಿಯುತ್ತಿಲ್ಲ ಅಂದರೆ ಬ್ಯಾಟರಿಯನ್ನು ಬಿಟ್ಟುಬಿಡಿ. ಪೆಟ್ರೋಲು, ಸ್ಪಾರ್ಕು, ಇಲ್ಲವೇ ವೈರು ಕಡಿದ ಇಲಿ. ಮಲೆನಾಡಿನಲ್ಲಿ ನಾನು ಮೊದಲು ಹುಡುಕುವುದು ಇಲಿಯನ್ನೇ. ಹೊಗೆಸೊಪ್ಪು ಕಟ್ಟಿದರೆ ಬರಲ್ಲ ಅನ್ನುವವರ ಗಾಡಿಯಲ್ಲಿ ಹೊಗೆಸೊಪ್ಪಿನ ಪಕ್ಕದಲ್ಲೇ ಗೂಡು ಕಟ್ಟಿದ್ದನ್ನೂ ನೋಡಿದ್ದೇನೆ.

ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕೂತಿದ್ದರೆ ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಮೈನಸ್ ಇದ್ದಾಗಲೇ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಗುಲಿದರೆ ಬೆಂಕಿಯ ಕಿಡಿ ಹಾರುತ್ತದೆ. ಬಿಸಿನೀರಿಗೆ ಅಡುಗೆ ಸೋಡ ಹಾಕಿ, ಹಳೆ ಬ್ರಷ್ಷಿನಲ್ಲಿ ಉಜ್ಜಿ, ಒಣಗಿಸಿ, ಕಟ್ಟಿದ ಮೇಲೆ ವ್ಯಾಸಲೀನ್ ಸವರಿ. ಕಟ್ಟುವಾಗ ಪ್ಲಸ್ ಮೊದಲು.

ಇನ್ನು ಘಾಟಿಯ ವಿಷಯ. ಗುಂಡ್ಯದಿಂದ ಮೇಲೆ ಹತ್ತುವಾಗ ಟೆಂಪರೇಚರ್ ಮುಳ್ಳು ಏರಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ. ಒಳಗೆ ಬೆವರುತ್ತೀರಿ, ಆದರೆ ಇಂಜಿನ್ನಿನ ಶಾಖ ಆ ದಾರಿಯಲ್ಲೂ ಹೊರಗೆ ಹೋಗುತ್ತದೆ. ಜಾಗ ಸಿಕ್ಕಲ್ಲಿ ನಿಲ್ಲಿಸಿ. ಆವಿ ಕಂಡರೆ ತಕ್ಷಣ ಆಫ್. ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬೇಡಿ. ಒಳಗಿನ ನೀರು ಒತ್ತಡದಲ್ಲಿರುವುದರಿಂದ ನೂರು ಡಿಗ್ರಿ ದಾಟಿದರೂ ಕುದಿದಿರುವುದಿಲ್ಲ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಹೋಗಿ ಒಂದೇ ಸಲ ಕುದಿದು ಮುಖಕ್ಕೆ ಎರಚುತ್ತದೆ. ಮುಂಗೈ ಪೂರ್ತಿ ಬೆಂದ ಡ್ರೈವರ್ ಒಬ್ಬನನ್ನು ನಾನೇ ಕ್ರಾಫರ್ಡ್ ಆಸ್ಪತ್ರೆಗೆ ಕರೆದೊಯ್ದಿದ್ದೆ. ಮೇಲಿನ ಹೋಸ್ ಪೈಪು ಕೈಗೆ ತಣ್ಣಗೆ ಸಿಗುವವರೆಗೆ ಕಾಫಿ ಕುಡಿಯಿರಿ.

ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವವರು ಈಗಲೂ ಇದ್ದಾರೆ. ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಗಾಡಿಯಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಐಡಲ್ ಆಗಿ ಓಡಲು ಪೆಟ್ರೋಲ್ ಕುಡಿಯುತ್ತದೆ, ಜೊತೆಗೆ ಬ್ರೇಕೂ ಸುಡುತ್ತದೆ. ಹೇಳಿ ಹೇಳಿ ಸಾಕಾಗಿದೆ.

ಮಾಡಲೇಬಾರದ್ದು ಅಂತ ನಾನು ಹೇಳುವುದು ಎರಡೇ: ಬರೀ ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ, ಏರ್‌ಬ್ಯಾಗಿನ ಹಳದಿ ಕನೆಕ್ಟರ್ ಬಿಚ್ಚಬೇಡಿ. ಮೀಟರ್ ಬೋರ್ಡಿನಲ್ಲಿ ಎಣ್ಣೆ ಕ್ಯಾನಿನ ಕೆಂಪು ದೀಪ ಹತ್ತಿದರೆ "ಊರು ಇನ್ನೇನು ಹತ್ತಿರ" ಅಂತ ಓಡಿಸಲೂ ಬೇಡಿ. ಅದು ಆಯಿಲ್ ಪ್ರೆಷರ್ ಬಿದ್ದ ದೀಪ, ಇಂಜಿನ್ ಹಿಡಿದುಕೊಳ್ಳಲು ಐದು ನಿಮಿಷ ಸಾಕು. ಮೂರಾಯಿತೇ? ಆಗಲಿ.

ಮೇಷ್ಟ್ರು ಈಗ ಒಂದು ಮೀಟರ್ ತಗೊಂಡಿದ್ದಾರೆ. ಭಾನುವಾರ ಬೆಳಿಗ್ಗೆ ರೀಡಿಂಗ್ ತೆಗೆದು ಹಳೆ ಹಾಜರಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಹೋದ ತಿಂಗಳು ಫೋನ್ ಬಂತು. "12.6 ಇದ್ದದ್ದು ಒಂದೇ ರಾತ್ರಿಗೆ 12.3 ಆಗಿದೆ ಕಣಪ್ಪಾ. ಟರ್ಮಿನಲ್ ಬಿಗಿ ಇದೆ, ನೋಡಿದೆ. ಬ್ಯಾಟರಿ ಹೋಗಿದೆ ಅಂತ ನಾನು ಹೇಳ್ತಿಲ್ಲ ಮತ್ತೆ."

ಏನೋ ಒಂದು ರಾತ್ರಿಯಿಡೀ ಕರೆಂಟು ಕುಡಿಯುತ್ತಿದೆ ಅಂತಾಯಿತು. ಮೊಬೈಲಿನಲ್ಲಿ ವಿಡಿಯೋ ಆನ್ ಮಾಡಿ ಡಿಕ್ಕಿಯೊಳಗೆ ಇಟ್ಟು ಬಾಗಿಲು ಹಾಕಿ, ಒಂದು ನಿಮಿಷ ಬಿಟ್ಟು ತೆಗೆಯಿರಿ ಅಂದೆ. ಹತ್ತು ನಿಮಿಷಕ್ಕೆ ವಾಟ್ಸಾಪಿನಲ್ಲಿ ವಿಡಿಯೋ ಬಂತು: ಬಾಗಿಲು ಮುಚ್ಚಿದ ಮೇಲೂ ಡಿಕ್ಕಿಯ ಐದು ವ್ಯಾಟಿನ ಬಲ್ಬು ಉರಿಯುತ್ತಲೇ ಇದೆ, ಅದರ ಬೆಳಕಿನಲ್ಲಿ ಒಂದು ಕೊಡೆ, ಅರ್ಧ ಚೀಲ ಕಾಳುಮೆಣಸು. ದಿನಕ್ಕೆ ಹತ್ತು ಆಂಪಿಯರ್-ಅವರ್ ಲೆಕ್ಕ ಅದು. ಅವರ 35 ಆಂಪಿಯರ್-ಅವರ್ ಬ್ಯಾಟರಿ ಮೂರೂವರೆ ದಿನಕ್ಕೆ ಮಲಗುತ್ತಿತ್ತು.

ಕೆಳಗೆ ಮೇಷ್ಟ್ರು ಬರೆದಿದ್ದರು: "ಸ್ವಿಚ್ಚು ಜಾಮ್ ಆಗಿದೆ. ಬಲ್ಬು ಕಿತ್ತಿದ್ದೇನೆ. ನೀನು ಬರಬೇಡ, ಮಳೆ ಜೋರಿದೆ."