ಮೂವತ್ತೊಂದು ಕಿಲೋಮೀಟರ್

ಆ ಕರೆ ಬಂದದ್ದು ರಾತ್ರಿ 9 ಗಂಟೆ 14 ನಿಮಿಷಕ್ಕೆ. ಮಾತಾಡಿದ್ದು ನಾಲ್ಕು ನಿಮಿಷ. ಆಮೇಲೆ ಅದರ ಸ್ಕ್ರೀನ್‌ಶಾಟನ್ನು ಎಷ್ಟು ಜನರ ಮೇಜಿನ ಮೇಲೆ ನೋಡಿದೆನೆಂದರೆ, ನನ್ನ ಮದುವೆಯ ಮುಹೂರ್ತ ಮರೆತರೂ ಈ ಗಳಿಗೆ ಮರೆಯುವಂತಿಲ್ಲ.

ಬೆಂಗಳೂರಿನಲ್ಲಿ ದುಬಾರಿ ಕಾರುಗಳ ಬಾಡಿಶಾಪಿನಲ್ಲಿ ಕ್ಲೇಮ್ ನೋಡಿಕೊಳ್ಳುವವನು ನಾನು. ಹದಿನಾರು ವರ್ಷವಾಯಿತು. ಯಾವ ಕಂಪನಿಯ ಕಾರು, ಯಾವ ವಿಮಾ ಕಂಪನಿ ಎಂದು ಕೇಳಬೇಡಿ. ಇನ್ನೂ ಅಲ್ಲೇ ಸಂಬಳ ತೆಗೆದುಕೊಳ್ಳುತ್ತಿದ್ದೇನೆ.

ಕರೆ ಮಾಡಿದವರು ಹಳೆಯ ಗ್ರಾಹಕರು. ಎರಡು ಡೀಸೆಲ್ ಕಾರುಗಳನ್ನು ನಮ್ಮಲ್ಲೇ ಕೊಂಡು, ಮೂರನೆಯದಾಗಿ ಎಲೆಕ್ಟ್ರಿಕ್ ತೆಗೆದುಕೊಂಡಿದ್ದರು. ಊರು ಸಕಲೇಶಪುರದ ಕಡೆ, ಕಾಫಿ ತೋಟದ ಮನೆತನ. ಜುಲೈ ಮಳೆ. ಊರಿನಿಂದ ಹೊರಟು ಬರುವಾಗ ರಸ್ತೆ ಕಾಮಗಾರಿಯ ಜಾಗದಲ್ಲಿ ನೀರಿನಡಿ ಮುಚ್ಚಿಹೋಗಿದ್ದ ಕಲ್ಲೊಂದು ಕಾರಿನ ತಳಕ್ಕೆ ಬಡಿದಿದೆ. ಪರದೆಯ ಮೇಲೆ ಹಳದಿ ಸಂದೇಶ. ಆದರೂ ಕಾರು ಓಡುತ್ತಿದೆ. ಜೊತೆಯಲ್ಲಿ ಎಂಬತ್ತು ದಾಟಿದ ತಾಯಿ.

"ಇಲ್ಲೇ ನಿಲ್ಲಿಸಿಬಿಡಲೇ, ಇಲ್ಲ ಹಾಗೇ ಬರಲೇ?" ಎಂದು ಕೇಳಿದರು.

ಟೋಯಿಂಗ್ ಗುತ್ತಿಗೆದಾರನನ್ನು ಇನ್ನೊಂದು ಫೋನಿನಲ್ಲಿ ಹಿಡಿದೆ. ಗಾಡಿ ಹಾಸನದಲ್ಲಿದೆ, ಈ ಮಳೆಯಲ್ಲಿ ಎರಡು ಗಂಟೆಯಾದರೂ ಬೇಕು, ಅದೂ ಖಾತ್ರಿಯಿಲ್ಲ ಎಂದ. ಆ ಕಡೆ ರಾತ್ರಿ ಹೊತ್ತು ಆನೆಗಳು ರಸ್ತೆಗೆ ಇಳಿಯುವುದು ಹೊಸ ಸಂಗತಿಯಲ್ಲ. ಕತ್ತಲು, ಮಳೆ, ವಯಸ್ಸಾದ ಹೆಂಗಸು. ನಾನು ಹೇಳಿಬಿಟ್ಟೆ: "ಹಳದಿ ತಾನೇ ಸಾರ್, ಕೆಂಪಲ್ಲವಲ್ಲ. ನಿಧಾನವಾಗಿ ಹಾಸನದವರೆಗೆ ಬಂದುಬಿಡಿ. ಅಮ್ಮನವರನ್ನು ಕರೆದುಕೊಂಡು ರೂಮು ಹಿಡಿಯಿರಿ, ಬೆಳಿಗ್ಗೆ ಫ್ಲ್ಯಾಟ್‌ಬೆಡ್ ಕಳಿಸುತ್ತೇನೆ."

ತಾಯಿಯ ವಿಷಯದಲ್ಲಿ ಆ ಸಲಹೆ ತಪ್ಪೆಂದು ಇವತ್ತಿಗೂ ಅನ್ನಿಸುವುದಿಲ್ಲ. ಕಾರಿನ ವಿಷಯದಲ್ಲಿ ಮಾತ್ರ ಅದು ಶುದ್ಧ ಅವಿವೇಕ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯೂ ಸರ್ಜಾಪುರ ರಸ್ತೆಯ ಬಡಾವಣೆಗಳೂ ಕೆರೆಗಳಾದಾಗ, ಹಗಲೂ ರಾತ್ರಿ ಒಂದೇ ಮಂತ್ರ ಜಪಿಸಿದವನು ನಾನು: ಸ್ಟಾರ್ಟ್ ಮಾಡಬೇಡಿ, ಕೀಲಿ ಮುಟ್ಟಬೇಡಿ. ನೀರು ನುಗ್ಗಿದ ಎಂಜಿನನ್ನು ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ವಿಮೆಯವರು ಕೈ ತೊಳೆದುಕೊಳ್ಳುತ್ತಾರೆ. ಆ ಮಂತ್ರ ಎಂಜಿನ್ ಇರುವ ಕಾರಿಗೆ ಮಾತ್ರ ಎಂದು ತಲೆಯಲ್ಲಿ ಎಲ್ಲೋ ಕುಳಿತುಬಿಟ್ಟಿತ್ತು. ಎಂಜಿನ್ನೇ ಇಲ್ಲದ ಕಾರಿನಲ್ಲಿ ಬಾಗುವುದಕ್ಕೆ ಏನಿದೆ?

ಇತ್ತು. ಬ್ಯಾಟರಿಯ ಕವಚದ ತಳದಲ್ಲೇ, ಅದನ್ನು ತಣ್ಣಗಿಡುವ ಕೂಲೆಂಟ್ ದ್ರವ ಹರಿಯುವ ಕೂಲಿಂಗ್ ಪ್ಲೇಟಿದೆ. ಕಲ್ಲು ಬಡಿದು ಅದರಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದಿತ್ತು. ಕಾರು ಓಡುವಷ್ಟು ಹೊತ್ತೂ ಪಂಪ್ ತಿರುಗುತ್ತದೆ, ತಿರುಗುವಷ್ಟು ಹೊತ್ತೂ ಕೂಲೆಂಟನ್ನು ಆ ಬಿರುಕಿನಿಂದ ಒಳಗೆ ಒತ್ತುತ್ತದೆ. ಹಾಸನ ಇನ್ನೇನು ಬಂತು ಅನ್ನುವಾಗ ಹಳದಿ ಕೆಂಪಾಯಿತು, ಕಾರು ತಾನಾಗಿಯೇ ನಿಂತಿತು. ಬ್ಯಾಟರಿ ಪೆಟ್ಟಿಗೆ ಐಪಿ67, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಏನೂ ಆಗದು ಎಂದು ನಮ್ಮ ಸೇಲ್ಸ್‌ನವರು ಹೇಳುತ್ತಿರುತ್ತಾರೆ. ಅದು ಬಿರುಕಿಲ್ಲದ ಪೆಟ್ಟಿಗೆಯ ಮಾತು. ಅದೂ ನೀರು ಹೊರಗಿನಿಂದ ಬಂದರೆ.

ಮಾರನೆಯ ಸಂಜೆ ಕಾರು ನಮ್ಮಲ್ಲಿಗೆ ಬಂತು. ಹೈವೋಲ್ಟೇಜ್ ತಂತ್ರಜ್ಞ ದಾವಣಗೆರೆಯ ಹುಡುಗ. ರಬ್ಬರ್ ಕೈಗವಸು ಹಾಕಿಕೊಂಡು, ಬ್ಯಾಟರಿಯ ವಿದ್ಯುತ್ತು ಕಾರಿನ ಮೈಗೆ ಸೋರದಂತೆ ತಡೆಯುವ ಇನ್ಸುಲೇಶನ್ ಅಳೆದವನೇ ಎರಡು ಹೆಜ್ಜೆ ಹಿಂದೆ ಸರಿದ. "ಸಾರ್, ಇದನ್ನು ಕಾರು ಅನ್ನಬೇಡಿ, ಟ್ರಾನ್ಸ್‌ಫಾರ್ಮರ್ ಅನ್ನಿ. ಬೇ ಒಳಗೆ ಬೇಡ." ಕಟ್ಟಡದಿಂದ ದೂರ, ಬಯಲಿನಲ್ಲಿ, ಸುತ್ತ ಕೋನ್ ಇಟ್ಟು ನಿಲ್ಲಿಸಿದೆವು. ವಾಚ್‌ಮನ್‌ಗೆ ಅಲ್ಲಿ ಬೀಡಿ ಸೇದಬೇಡ ಎಂದು ಎರಡು ಸಲ ಹೇಳಬೇಕಾಯಿತು.

ಎಸ್ಟಿಮೇಟ್ ಹಾಕಲು ಕುಳಿತೆ. ಬ್ಯಾಟರಿಯೊಂದಕ್ಕೇ 26,80,000 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ. ತಳದ ರಕ್ಷಾ ಫಲಕ, ಕೂಲೆಂಟ್ ಪೈಪು, ಲೇಬರ್ ಎಲ್ಲ ಸೇರಿ 35,70,000. ಕಾರಿನ ಐಡಿವಿ, ಅಂದರೆ ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಬೆಲೆ, 78 ಲಕ್ಷ. ದುರಸ್ತಿಯ ಖರ್ಚು ಐಡಿವಿಯ 75%, ಅಂದರೆ 58.5 ಲಕ್ಷ ದಾಟಿದರೆ ಮಾತ್ರ ಟೋಟಲ್ ಲಾಸ್: ದುರಸ್ತಿ ಬಿಟ್ಟು ಕಾರಿನ ಬೆಲೆಯನ್ನೇ ಕೊಟ್ಟು ಮುಗಿಸುವುದು. ಗ್ರಾಹಕರು ಮೊದಲು ಕೇಳಿದ್ದೇ ಅದನ್ನು: "ಟೋಟಲ್ ಮಾಡಿಸಿಬಿಡಲು ಆಗುವುದಿಲ್ಲವೇ?" ಎಲ್ಲರೂ ಕೇಳುತ್ತಾರೆ. ಕಾರು ಚಿಂದಿಯಾದವರು ದುರಸ್ತಿ ಮಾಡಿಕೊಡಿ ಎನ್ನುತ್ತಾರೆ, ಆಗದವರು ಟೋಟಲ್ ಮಾಡಿ ಎನ್ನುತ್ತಾರೆ.

ನಮ್ಮ ಎಸ್ಟಿಮೇಟ್ ಸಾಫ್ಟ್‌ವೇರಿನಲ್ಲಿ ಬ್ಯಾಟರಿ ಬದಲಿಸಲು ಕಾರಣವನ್ನು ಪಟ್ಟಿಯಿಂದ ಆರಿಸಬೇಕು. ಟೈಪ್ ಮಾಡಲು ಬಿಡುವುದಿಲ್ಲ. ಇದನ್ನು ಬರೆದ ಪುಣ್ಯಾತ್ಮ ಒಮ್ಮೆಯೂ ವರ್ಕ್‌ಶಾಪಿಗೆ ಕಾಲಿಟ್ಟಿರಲಾರ. ಒಂದು ಆಯ್ಕೆ "ಕವಚಕ್ಕೆ ಹಾನಿ", ಇನ್ನೊಂದು "ಇನ್ಸುಲೇಶನ್ ವೈಫಲ್ಯ". ಎರಡೂ ನಿಜ. ಎರಡನೆಯದು ಹೆಚ್ಚು ಗಂಭೀರವಾಗಿ ಕೇಳಿಸುತ್ತದೆ, ವಿಮಾ ಕಂಪನಿಗಾಗಿ ಹಾನಿಯ ಲೆಕ್ಕ ಕಟ್ಟುವ ಸರ್ವೇಯರ್ ಬೇಗ ಒಪ್ಪಿಯಾರು ಎಂದು ಅದನ್ನೇ ಒತ್ತಿದೆ. ಒಂದು ಕ್ಲಿಕ್. ವಿಮಾ ಕಂಪನಿಯ ಪೋರ್ಟಲ್ಲೋ, ಎಂಜಿನ್ ಸಂಖ್ಯೆ ಕೊಡದೆ ಮುಂದಿನ ಪುಟಕ್ಕೇ ಹೋಗದು. ಮೋಟಾರಿನ ಸಂಖ್ಯೆ ತುಂಬಿ ದಾಟಿದೆ.

ಸರ್ವೇಯರ್ ಬಂದರು. ನಿವೃತ್ತಿಯ ಅಂಚಿನ ವಯಸ್ಸು, ಅರ್ಧ ತೋಳಿನ ಬಿಳಿ ಅಂಗಿ, ಮೆಲುದನಿ. ಗದರಿಸುವ ಸರ್ವೇಯರ್‌ಗಳ ಜೊತೆ ನಾನು ಚೆನ್ನಾಗಿ ಹೊಂದಿಕೊಳ್ಳುತ್ತೇನೆ. ಮೆಲುದನಿಯವರನ್ನು ಕಂಡರೆ ಭಯ. ಕಾರನ್ನು ಮೇಲೆತ್ತಿಸಿ ಟಾರ್ಚು ಬಿಟ್ಟು ನೋಡಿದರು. ಬೆರಳಗಲದ ತಗ್ಗು, ಅದರ ನಡುವೆ ಗೆರೆ.

"ಇಷ್ಟಕ್ಕೆ ಮೂವತ್ತು ಲಕ್ಷವೇ? ಲಾಡಿ ಕಿತ್ತುಹೋದರೆ ಪೈಜಾಮವನ್ನೇ ಬಿಸಾಡುತ್ತೀರಾ ಸಾರ್?"

ನ್ಯಾಯವಾದ ಪ್ರಶ್ನೆ. ಒಳಗೆ ಎಷ್ಟೋ ಮಾಡ್ಯೂಲ್‌ಗಳಿರುತ್ತವೆ, ಕೆಟ್ಟದ್ದನ್ನು ಮಾತ್ರ ತೆಗೆದು ಹಾಕಬಾರದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಕಾರು ತಯಾರಕರ ದುರಸ್ತಿ ಕೈಪಿಡಿ ಬೇರೆಯೇ ಹೇಳುತ್ತದೆ: ಕವಚ ಬಿರಿದರೆ ಪೆಟ್ಟಿಗೆ ಪೂರ್ತಿ ಬದಲು. ಅದನ್ನು ತೋರಿಸಿ ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಅವರ ಮುಖದಲ್ಲಿ ಇನ್ನೂ ಅನುಮಾನ ಕಂಡಿತು. ಬ್ಯಾಟರಿ ಸತ್ತಿರುವುದನ್ನು ಕಣ್ಣೆದುರೇ ಸಾಬೀತು ಮಾಡುತ್ತೇನೆಂದು, ಡಯಾಗ್ನೋಸ್ಟಿಕ್ ಉಪಕರಣದ ಪ್ರಿಂಟ್‌ಔಟನ್ನು ಅವರ ಮುಂದಿಟ್ಟೆ. ಅವರು ಕೇಳಿರಲಿಲ್ಲ. ಹದಿನೇಳು ಫಾಲ್ಟ್ ಕೋಡ್‌ಗಳು. ಎಷ್ಟು ಕೋಡ್‌ಗಳಿದ್ದರೆ ಅಷ್ಟು ಘನತೆ ಎಂಬಂತೆ ಹೆಮ್ಮೆಯಿಂದ ಇಟ್ಟೆ. ಕೋಡ್‌ಗಳ ಪಕ್ಕದ ಕಾಲಂ ನಾನು ಓದಿರಲಿಲ್ಲ. ಹದಿನಾರು ವರ್ಷಗಳಲ್ಲಿ ಓದುವ ಅಗತ್ಯವೇ ಬಿದ್ದಿರಲಿಲ್ಲ.

ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. ಜೇಬಿನಿಂದ ಪೆನ್ಸಿಲ್ ತೆಗೆದರು. ಮೊದಲ ಸಾಲಿನ ಕೆಳಗೆ ಒಂದು ಗೆರೆ. ಹನ್ನೊಂದನೆಯ ಸಾಲಿನ ಕೆಳಗೆ ಇನ್ನೊಂದು. ಆಮೇಲೆ ಅಂಚಿನಲ್ಲಿ, ಶಾಲೆಯ ಹುಡುಗರು ಹಾಕುವಂತೆ, ಕಳೆಯುವ ಲೆಕ್ಕ: 21,493ರಲ್ಲಿ 21,462 ಹೋದರೆ 31. ಕೂಲೆಂಟ್ ಕಡಿಮೆಯಾದ ಕೋಡ್ ದಾಖಲಾದಾಗ ಓಡೋಮೀಟರ್ ಎಷ್ಟಿತ್ತು, ಇನ್ಸುಲೇಶನ್ ಕೋಡ್ ದಾಖಲಾದಾಗ ಎಷ್ಟಿತ್ತು ಎಂದು ನಮ್ಮ ಉಪಕರಣ ಶಿಸ್ತಾಗಿ ಅಚ್ಚು ಹಾಕಿತ್ತು.

"ನಡುವೆ ಮೂವತ್ತೊಂದು ಕಿಲೋಮೀಟರ್ ಓಡಿಸಿದವರು ಯಾರು ಸಾರ್?"

ಹುಡುಗ ಚಹಾ ತಂದಿಟ್ಟ. ಬಾಗಿಲ ಬಳಿ ದಾವಣಗೆರೆಯ ಹುಡುಗ ನಿಂತಿದ್ದ; ಆ ರಾತ್ರಿಯ ಫೋನಿನ ಕತೆಯನ್ನು ಅವನಿಗೆ ನಾನೇ ಹೇಳಿದ್ದೆ. ಅವನು ನನ್ನನ್ನು ನೋಡಿದ, ನಾನು ಚಹಾದ ಮೇಲೆ ಕಟ್ಟುತ್ತಿದ್ದ ಕೆನೆಯನ್ನು ನೋಡಿದೆ. ಎಸಿ ಗುಂಯ್‌ಗುಡುತ್ತಿತ್ತು. ಎರಡು ಮೂರು ನಿಮಿಷ ಇದ್ದೀತು.

"ಗ್ರಾಹಕರು" ಎಂದೆ.

ಸುಳ್ಳಲ್ಲ. ಸ್ಟೀರಿಂಗ್ ಹಿಡಿದವರು ಅವರೇ. "ನಾನು ಓಡಿಸಿ ಎಂದದ್ದರಿಂದ" ಎಂಬ ಉಳಿದರ್ಧವನ್ನು ಮಾತ್ರ ನುಂಗಿಕೊಂಡೆ. ಅವರು ತಲೆಯಾಡಿಸಿ ಬರೆದುಕೊಂಡರು. ಆ ಒಂದು ಸಾಲು ವರದಿಯೊಳಗೆ ಹೋಯಿತು.

ಖಾಸಗಿ ಕಾರಿನ ಪಾಲಿಸಿಯ ನಾಲ್ಕನೆಯ ಷರತ್ತನ್ನು ನಾನು ಬಾಯಿಪಾಠ ಹೇಳಬಲ್ಲೆ: ಅಪಘಾತವೋ ಕೆಡುಕೋ ಆದ ಮೇಲೆ, ಅಗತ್ಯ ದುರಸ್ತಿಗೆ ಮುನ್ನ ವಾಹನ ಓಡಿಸಿದರೆ, ಅದರಿಂದ ಬೆಳೆದ ಹಾನಿಯೆಲ್ಲ ವಿಮೆ ಮಾಡಿಸಿದವರ ಸ್ವಂತ ಹೊಣೆ. ವಾರದೊಳಗೆ ಪತ್ರ ಬಂತು, ಮೇಲ್ಗಡೆ "ಹಕ್ಕುಗಳಿಗೆ ಧಕ್ಕೆಯಿಲ್ಲದಂತೆ" ಎಂಬ ಮಾಮೂಲಿ ಒಕ್ಕಣೆ. ನಮ್ಮ ಎಸ್ಟಿಮೇಟಿನ ಪ್ರಕಾರವೇ ಬ್ಯಾಟರಿ ಬದಲಾವಣೆಗೆ ಕಾರಣ ಇನ್ಸುಲೇಶನ್ ವೈಫಲ್ಯ. ಆ ವೈಫಲ್ಯ ಆದದ್ದು 31 ಕಿಲೋಮೀಟರ್ ಓಡಿಸಿದ ಮೇಲೆ. ಆದ್ದರಿಂದ ಬ್ಯಾಟರಿ ಕ್ಲೇಮಿನಿಂದ ಹೊರಗೆ. ನನ್ನ ಕ್ಲಿಕ್ಕಿನಿಂದ ನನಗೇ ಗುಂಡಿ.

ಅದರ ಕೆಳಗೆ ಇನ್ನೊಂದು ಸಾಲು: ಒಂದು ವೇಳೆ ಒಪ್ಪಿದರೂ ಬ್ಯಾಟರಿಗೆ 50% ಸವಕಳಿ. ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗಳಿಗೆ ಅರ್ಧ ಹಿಡಿಯುವುದು ಹಳೆಯ ಮೋಟಾರ್ ಟ್ಯಾರಿಫ್ ಕಾಲದ ಪದ್ಧತಿ. ಇವರಿಗೆ ನಿಲ್ ಡೆಪ್, ಅಂದರೆ ಸವಕಳಿ ಹಿಡಿಯದಂತೆ ಮಾಡುವ ಆಡ್-ಆನ್ ಇತ್ತು. ಆದರೆ ಆ ಆಡ್-ಆನ್‌ನ ಒಕ್ಕಣೆಯಲ್ಲಿ "ಟೈರು, ಟ್ಯೂಬು, ಬ್ಯಾಟರಿ ಹೊರತುಪಡಿಸಿ" ಎಂದಿತ್ತು. ಬಾನೆಟ್ಟಿನಡಿಯ 12 ವೋಲ್ಟಿನ ಡಬ್ಬಿಗೆಂದು ಯಾರೋ ಬರೆದ ಸಾಲು, ಕಾರಿನ ಅರ್ಧ ಜೀವವನ್ನೇ ಹಿಡಿದುಕೊಂಡು ಕುಳಿತಿತ್ತು. ಪಾಲಿಸಿ ಮಾರಿದ್ದು ನಮ್ಮದೇ ಶೋರೂಮಿನ ಇನ್ಶೂರೆನ್ಸ್ ಡೆಸ್ಕು. ಬ್ಯಾಟರಿಗೆಂದೇ ಪ್ರತ್ಯೇಕ ಆಡ್-ಆನ್ ಇತ್ತು, ಪ್ರೀಮಿಯಂ ಕಡಿಮೆ ತೋರಿಸಲು ಅದನ್ನು ಬಿಟ್ಟಿದ್ದರು. ಡೆಸ್ಕಿನ ಹುಡುಗಿಗೆ ಆ ತಿಂಗಳ ಟಾರ್ಗೆಟ್ ಮುಗಿದಿತ್ತಂತೆ.

ಗ್ರಾಹಕರು ಬಂದರು. ಕೂಗಾಡಲಿಲ್ಲ. ಮೊಬೈಲ್ ತೆಗೆದು ಸ್ಕ್ರೀನ್‌ಶಾಟ್ ತೋರಿಸಿದರು: 9:14, ನನ್ನ ಹೆಸರು, ನಾಲ್ಕು ನಿಮಿಷ. "ನೀವೇ ಬನ್ನಿ ಎಂದಿರಿ. ವಿಮೆಯವರ ಪತ್ರದಲ್ಲಿ ನೋಡಿದರೆ ನಾನು ಅಜಾಗರೂಕನಂತೆ."

ಮ್ಯಾನೇಜರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. "ಕರೆ ಬಂದದ್ದು ನಿನ್ನ ಸ್ವಂತ ನಂಬರಿಗೆ. ರೆಕಾರ್ಡಿಂಗ್ ಇಲ್ಲ. ನೀನು ಏನು ಹೇಳಿದೆ ಎಂಬುದಕ್ಕೆ ಸಾಕ್ಷಿ ಏನಿದೆ? ಸುಮ್ಮನಿದ್ದುಬಿಡು." ಸ್ವಂತ ನಂಬರನ್ನು ಗ್ರಾಹಕರಿಗೆ ಕೊಡಿ, ಗ್ರಾಹಕರ ತೃಪ್ತಿಯ ಅಂಕ ಸಿಎಸ್‌ಐ ಏರುತ್ತದೆ ಎಂದು ಪ್ರತಿ ಸೋಮವಾರದ ಮೀಟಿಂಗಿನಲ್ಲಿ ಹೇಳುವವರೂ ಅವರೇ.

ಎರಡು ರಾತ್ರಿ ಸುಮ್ಮನಿದ್ದೆ. ಮೂರನೆಯ ದಿನ ಪತ್ರ ಬರೆದೆ. ಸ್ಥಳ, ಹೊತ್ತು, ಮಳೆ, ಟೋಯಿಂಗ್ ಗಾಡಿ ಸಿಗದ್ದು, ಗ್ರಾಹಕರು ಕೇಳಿಯೇ ಓಡಿಸಿದ್ದು, ಹಾಗೆ ಹೇಳಿದವನು ನಾನು ಎನ್ನುವುದು. ಜೊತೆಗೆ ಕೈಪಿಡಿಯ ಪುಟ: ಕವಚ ಬಿರಿದ ಕ್ಷಣದಲ್ಲೇ ಬ್ಯಾಟರಿ ಪೂರ್ತಿ ಬದಲಾಗಬೇಕಿತ್ತು, 31 ಕಿಲೋಮೀಟರ್ ಓಡಿದ್ದರಿಂದ ಬಿಲ್ಲಿಗೆ ಒಂದು ರೂಪಾಯಿಯೂ ಸೇರಿಲ್ಲ. ಇಷ್ಟು ಗಟ್ಟಿಯಾದ ವಾದ ಮೊದಲ ದಿನವೇ ನನ್ನ ಕೈಯಲ್ಲಿತ್ತು. ಕವಚದ ಆಯ್ಕೆ ಒತ್ತಿದ್ದರೆ ಸಾಕಿತ್ತು.

ಸರ್ವೇಯರ್‌ಗೆ ಫೋನ್ ಮಾಡಿದೆ. "ಅವತ್ತೇ ಹೇಳಿದ್ದರೆ ವರದಿಯಲ್ಲೇ ಬರೆಯುತ್ತಿದ್ದೆ ಸಾರ್. ಈಗ ಸಲ್ಲಿಸಿಯಾಗಿದೆ. ಇನ್ನು ನಿಮ್ಮ ಪತ್ರ ವರದಿಗೆ ಎದುರಾಗಿ ನಿಲ್ಲುತ್ತದೆಯೇ ಹೊರತು ಅದರ ಒಳಗೆ ಸೇರುವುದಿಲ್ಲ." ಸಿಟ್ಟಿರಲಿಲ್ಲ ಆ ದನಿಯಲ್ಲಿ. ಗದರಿಸಿದ್ದರೆ ಚೆನ್ನಾಗಿತ್ತು.

ಫೈಲು ಪ್ರಾದೇಶಿಕ ಕಚೇರಿಗೆ ಹೋಯಿತು. ಏಳು ವಾರ. ಆ ಏಳು ವಾರವೂ ಗ್ರಾಹಕರ ತಾಯಿಗೆ ಆಸ್ಪತ್ರೆಗೆ ಹೋಗಿಬರಲು ನಮ್ಮ ಲೋನರ್ ಕಾರು. ಕೊನೆಗೆ ನಾನ್-ಸ್ಟ್ಯಾಂಡರ್ಡ್ ಲೆಕ್ಕದಲ್ಲಿ, ಅಂದರೆ ಷರತ್ತು ಮುರಿದಿದ್ದರೂ ಪೂರ್ತಿ ತಳ್ಳಿಹಾಕದೆ ಒಂದು ಭಾಗ ಕೊಡುವ ಲೆಕ್ಕದಲ್ಲಿ ಒಪ್ಪಿಕೊಂಡರು: 50% ಸವಕಳಿ ಕೈಬಿಟ್ಟು, ಸರ್ವೇಯರ್ ಕಟ್ಟಿದ 34,60,000ದಲ್ಲಿ 75%, ಅಂದರೆ 25,95,000. ಉಳಿದ 9,75,000ದಲ್ಲಿ 1,85,000ದ ಲೇಬರ್ ನಾವು ಬಿಟ್ಟೆವು, 7,90,000 ಅವರು ಕಟ್ಟಿದರು. ಚೆಕ್ಕು ಬರೆಯುವಾಗ ನನ್ನ ಹೆಸರಿನ ಕಾಗುಣಿತವನ್ನು ಯಾಕೋ ಕೇಳಿದರು, ಆಮೇಲೆ "ಇರಲಿ ಬಿಡಿ" ಎಂದರು. ಈಗ ಸರ್ವಿಸಿಗೆ ಬಂದರೆ ಪಕ್ಕದ ಕೌಂಟರಿನವನ ಬಳಿ ಕೂರುತ್ತಾರೆ.

ಈಗೀಗ ರಾತ್ರಿ ಕರೆ ಬಂದರೆ ಬಣ್ಣ ಕೇಳುವುದಿಲ್ಲ. ಜನ ಇಳಿದು ಸುರಕ್ಷಿತವಾಗಿ ಹೋಗಲಿ, ಬೇಕಾದರೆ ಟ್ಯಾಕ್ಸಿಯ ಬಾಡಿಗೆ ನಾವು ಕೊಡುತ್ತೇವೆ, ಕಾರು ಆಫ್ ಮಾಡಿ ಅಲ್ಲೇ ಬಿಡಿ, ಇಂಡಿಕೇಟರ್ ಹಾಕಿ ಬೀಗ ಹಾಕಿ, ಪರದೆ ಮತ್ತು ಓಡೋಮೀಟರ್ ಎರಡೂ ಕಾಣುವಂತೆ ಒಂದು ಫೋಟೋ ತೆಗೆಯಿರಿ, ವಿಮೆಯವರ ಸಹಾಯವಾಣಿಗೆ ನನಗಿಂತ ಮೊದಲು ಹೇಳಿ. ಆಮೇಲೆ ನಾನು ಹೇಳಿದ್ದನ್ನೇ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸುತ್ತೇನೆ. ಮ್ಯಾನೇಜರ್‌ಗೆ ಈ ಬರೆದು ಕಳಿಸುವುದು ಒಂದಿಷ್ಟೂ ಹಿಡಿಸಿಲ್ಲ. ಟ್ಯಾಕ್ಸಿ ಬಿಲ್ಲಂತೂ ಕೇಳಲೇಬೇಡಿ.

ಹಳೆಯ ಬ್ಯಾಟರಿ ಇನ್ನೂ ನಮ್ಮ ಬಯಲಿನಲ್ಲೇ ಇದೆ, ನೀಲಿ ಟಾರ್ಪಾಲಿನಡಿ. ಹಣ ಕೊಟ್ಟಿದ್ದೇವೆ, ಸಾಲ್ವೇಜ್, ಅಂದರೆ ತೆಗೆದ ಹಳೆಯ ಸಾಮಾನು, ನಮ್ಮದು ಎಂದರು ವಿಮೆಯವರು. ಹಾಗಾದರೆ ಒಯ್ಯಿರಿ ಎಂದರೆ, ನಾವು ಕೊಟ್ಟಿರುವುದು ಮುಕ್ಕಾಲು, ಕಾಲು ಭಾಗ ಗ್ರಾಹಕರದು ಎಂದರು. ಅವರ ಗುಜರಿ ವ್ಯಾಪಾರಿ ಬಂದು, ದೂರದಿಂದಲೇ ಫೋಟೋ ತೆಗೆದುಕೊಂಡು ಹೋದವನು ಮತ್ತೆ ಬರಲಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಸಿಕ್ಕವರಿಗೆ ಕೊಟ್ಟು ಕೈ ತೊಳೆದುಕೊಳ್ಳುವ ಹಾಗಿಲ್ಲ, ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಒಡೆದ ಲಿಥಿಯಂ ಬ್ಯಾಟರಿ ಎಂದರೆ ಲಾರಿಯವರು ಒಂದಕ್ಕೆ ಮೂರು ಬಾಡಿಗೆ ಕೇಳುತ್ತಾರೆ, ಆ ಬಾಡಿಗೆ ಯಾರದು ಎಂಬ ಬಗ್ಗೆ ಬೇರೊಂದು ಪತ್ರವ್ಯವಹಾರ ನಡೆದಿದೆ. ಮಳೆ ಬಂದಾಗಲೆಲ್ಲ ವಾಚ್‌ಮನ್ ಹೋಗಿ ಟಾರ್ಪಾಲಿನ ಹಗ್ಗ ಬಿಗಿದು ಬರುತ್ತಾನೆ. ಬೀಡಿ ಮಾತ್ರ ಗೇಟಿನ ಬಳಿ ಇಟ್ಟು ಹೋಗುತ್ತಾನೆ.