ಫೇಸಿಂಗ್‌ಗೂ ಮೊದಲು ಬಿಸಿನೀರಿನ ತೊಟ್ಟಿ

ಕಲಾಸಿಪಾಳ್ಯದ ಹತ್ತಿರ ನಮ್ಮದೊಂದು ಹೆಡ್ ಕೆಲಸದ ಅಂಗಡಿ ಇದೆ. ಹೆಡ್ ಅಂದರೆ ಎಂಜಿನ್ ಬ್ಲಾಕಿನ ಮೇಲೆ ಮುಚ್ಚಳದ ಹಾಗೆ ಕೂರುವ ಭಾಗ. ಟೆಂಪೊ, ಸ್ಕೂಲ್ ವ್ಯಾನ್, ಹಳೇ ಜೀಪು, ಹೀಗೆ ಡೀಸೆಲ್ ಗಾಡಿಗಳೇ ಜಾಸ್ತಿ ಬರುತ್ತವೆ. ಡ್ರೈವರ್‌ಗಳ ದೂರು ಹೆಚ್ಚುಕಮ್ಮಿ ಒಂದೇ. "ಅಣ್ಣಾ, ರೇಡಿಯೇಟರ್ ನೀರು ಖಾಲಿ ಆಗ್ತಾನೇ ಇದೆ, ಕೆಳಗೆ ಒಂದು ಹನಿ ಬೀಳ್ತಿಲ್ಲ. ಹೆಡ್ ಫೇಸಿಂಗ್ ಮಾಡಿಕೊಡಿ, ಗ್ಯಾಸ್ಕೆಟ್ ನಾವೇ ಹಾಕ್ಕೋತೀವಿ."

ಫೇಸಿಂಗ್ ಅಂದರೆ ಹೆಡ್ಡಿನ ಕೆಳಮೈಯನ್ನು ಮೆಷಿನ್ನಿನಲ್ಲಿ ಸಮ ಮಾಡುವುದು. ಗ್ಯಾಸ್ಕೆಟ್ ಅಂದರೆ ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂರುವ ಸೀಲು. ಈ ಮಾತಿಗೆ ನಾನು ಒಪ್ಪುವುದಿಲ್ಲ. ಹೊರಗೆ ಸೋರದೆ ನೀರು ಖಾಲಿಯಾದರೆ ಹೆಡ್ಡಿನಲ್ಲೇ ಕ್ರ್ಯಾಕ್ ಇರಬಹುದು. ಮೊದಲು ಪ್ರೆಶರ್ ಟೆಸ್ಟ್, ಅಂದರೆ ಗಾಳಿ ತುಂಬಿ ಬಿರುಕು ಹುಡುಕುವುದು, ಆಮೇಲೆ ಫೇಸಿಂಗ್. ಕ್ರ್ಯಾಕ್ ಇರುವ ಹೆಡ್ಡನ್ನು ಎಷ್ಟು ನುಣ್ಣಗೆ ಮಾಡಿ ಏನು ಪ್ರಯೋಜನ? ಫೇಸಿಂಗ್ ದುಡ್ಡು, ಗ್ಯಾಸ್ಕೆಟ್ ದುಡ್ಡು, ಬಿಚ್ಚಿ ಕಟ್ಟಿದ ಕೂಲಿ, ಮೂರೂ ಹೋಗುತ್ತವೆ.

ಕೆಲಸ ಶುರುವಾಗುವುದು ತೊಳೆಯುವುದರಿಂದ. ಬೀಡು ಕಬ್ಬಿಣದ ಹೆಡ್ಡಾದರೆ ಬಿಸಿ ಕಾಸ್ಟಿಕ್ ಸೋಡಾ ನೀರಿನಲ್ಲಿ ಹಾಕಬಹುದು. ಅಲ್ಯೂಮಿನಿಯಂ ಹೆಡ್ಡನ್ನು ಮಾತ್ರ ಹಾಕಲೇಬಾರದು, ಕಾಸ್ಟಿಕ್ ಅದನ್ನು ತಿಂದುಬಿಡುತ್ತದೆ. ಆಮೇಲೆ ನೀರು ಓಡಾಡುವ ತೂತುಗಳಿಗೆಲ್ಲ ರಬ್ಬರ್ ಶೀಟ್ ಇಟ್ಟು, ಮೇಲೆ ದಪ್ಪ ಪ್ಲೇಟ್ ಕೂರಿಸಿ ಬೋಲ್ಟ್ ಬಿಗಿಯುತ್ತೇವೆ. ಒಂದು ತೂತಿಗೆ ಮಾತ್ರ ಗಾಳಿ ಪೈಪು. ಹೆಡ್ಡನ್ನು ಸುಮಾರು 80 ಡಿಗ್ರಿ ಬಿಸಿನೀರಿನಲ್ಲಿ ಮುಳುಗಿಸಿ, ಗಾಳಿಯನ್ನು ನಿಧಾನವಾಗಿ 2ರಿಂದ 3 ಬಾರ್‌ವರೆಗೆ ಏರಿಸುತ್ತೇವೆ. ಆ ಎಂಜಿನ್ನಿನ ಮ್ಯಾನ್ಯುಯಲ್‌ನಲ್ಲಿ ಬೇರೆ ಲೆಕ್ಕ ಕೊಟ್ಟಿದ್ದರೆ ಅದೇ ಕೊನೆ ಮಾತು. ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಿಗೆ ಅದ್ದಿ ನೋಡುವ ಹಾಗೇ ಇದೂ.

ಆದರೆ ನೀರು ಬಿಸಿ ಇರಲೇಬೇಕು. ತಣ್ಣಗಿದ್ದಾಗ ಕೂದಲೆಳೆಯಂಥ ಬಿರುಕು ಮುಚ್ಚಿಕೊಂಡಿರುತ್ತದೆ. ಲೋಹ ಕಾದಾಗ ಬಾಯಿ ಬಿಡುತ್ತದೆ. ತಣ್ಣೀರಿನಲ್ಲಿ ಪಾಸಾದ ಹೆಡ್ಡೇ ಘಾಟಿ ಹತ್ತುವಾಗ ಕೈಕೊಡುವುದು. ಮುಳುಗಿಸಿದ ಕೂಡಲೇ ತೀರ್ಪು ಕೊಡಲೂಬಾರದು. ಕಬ್ಬಿಣ ಒಳಗಿನವರೆಗೂ ಕಾಯಬೇಕು, ಮೂಲೆಗಳಲ್ಲಿ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗಬೇಕು. ಪ್ಲೇಟಿನ ಅಂಚಿನಲ್ಲಿ ಬರುವ ಗುಳ್ಳೆ ನಮ್ಮ ಬಿಗಿತದ ತಪ್ಪು, ಹೆಡ್ಡಿನದಲ್ಲ. ಒಂದೇ ಜಾಗದಿಂದ ಬಿಡದೆ ಸಾಲಾಗಿ ಏಳುವ ಗುಳ್ಳೆಯನ್ನು ಹುಡುಕಬೇಕು. ಇನ್‌ಲೆಟ್, ಎಕ್ಸಾಸ್ಟ್ ವಾಲ್ವ್ ಸೀಟುಗಳ ನಡುವಿನ ಸಣ್ಣ ಪಟ್ಟಿ, ಸೀಟಿನಿಂದ ನಾಜಲ್ (ಡೀಸೆಲ್ ಚಿಮ್ಮಿಸುವ ಭಾಗ) ತೂತಿನ ಕಡೆಗಿನ ಜಾಗ, ಇವೆರಡನ್ನು ನಾನು ಮೊದಲು ನೋಡುತ್ತೇನೆ. ಹೊಗೆ ಹೊರಗೆ ಹೋಗುವ ಎಕ್ಸಾಸ್ಟ್ ಪೋರ್ಟ್ ಒಳಗೂ ಟಾರ್ಚ್ ಬಿಡಬೇಕು. ಹೆಡ್ಡನ್ನು ಮಗ್ಗುಲು ತಿರುಗಿಸಿ ಮತ್ತೆ ನೋಡಬೇಕು.

ಗುಳ್ಳೆ ಬಂತು ಅಂತ ಹೆಡ್ಡನ್ನು ಗುಜರಿಗೆ ಹಾಕಬೇಕಾಗಿಯೂ ಇಲ್ಲ. ಕೆಲವು ಎಂಜಿನ್‌ಗಳಲ್ಲಿ ನಾಜಲ್ ಸುತ್ತ ಕೊಳವೆಯಂಥ ತಾಮ್ರದ ಸ್ಲೀವ್ ಇರುತ್ತದೆ. ಅಲ್ಲಿಂದ ಬಂದರೆ ಸ್ಲೀವ್ ಬದಲಿಸಿದರೆ ಆಯಿತು. ನೀರಿನ ಜಾಕೆಟ್ಟಿನ, ಅಂದರೆ ಹೆಡ್ಡಿನೊಳಗೆ ನೀರು ಓಡಾಡುವ ದಾರಿಯ, ತೂತು ಮುಚ್ಚುವ ಬಿಲ್ಲೆ ತುಕ್ಕು ಹಿಡಿದಿದ್ದರೆ ಅದನ್ನೂ ಬದಲಿಸಬಹುದು. ಹೀಗೆ ಏನೇ ಬದಲಿಸಿದರೂ ಮತ್ತೊಮ್ಮೆ ತೊಟ್ಟಿಗೆ ಇಳಿಸಲೇಬೇಕು.

ನಮ್ಮೂರಿನ ಗಾಡಿಗಳ ಬಗ್ಗೆ ನನಗೊಂದು ಸಂಕಟ ಇದೆ. ಕೂಲೆಂಟ್ ಬದಲು ಬೋರ್‌ವೆಲ್ ನೀರು ಸುರಿಯುತ್ತಾರೆ. ಗಡಸು ನೀರು, ಜಾಕೆಟ್ ಒಳಗೆ ಬಿಳಿ ಪದರ ಕಟ್ಟುತ್ತದೆ. ಪದರ ಕಟ್ಟಿದ ಕಡೆ ಶಾಖ ನೀರಿಗೆ ಇಳಿಯುವುದಿಲ್ಲ, ಲೋಹ ಅಲ್ಲೇ ಸುಡುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಬರೀ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ರೇಡಿಯೇಟರ್ ಕ್ಯಾಪ್ ಒತ್ತಡ ಹಿಡಿದಿಟ್ಟು ಬೇಗ ಕುದಿಯದಂತೆ ನೋಡಿಕೊಳ್ಳುತ್ತದೆ. ಅದು ಸಡಿಲವಾದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕುದಿಯದೆ ಇನ್ನೇನು? ಗಾಬರಿಯಲ್ಲಿ ಕಾದ ಎಂಜಿನ್‌ಗೆ ತಣ್ಣೀರು ಸುರಿಯುತ್ತಾರೆ. ಹೆಡ್ ಸೀಳುವುದು ಆಗಲೇ. ದಯವಿಟ್ಟು ಅರ್ಧ ಗಂಟೆ ಆದರೂ ಆರಲು ಬಿಡಿ.

ಇನ್ನು, ಹೆಡ್ ಪಾಸಾಗಿಯೂ ನೀರು ಕಮ್ಮಿ ಆಗುತ್ತಿದೆ ಅಂದರೆ ಮತ್ತೆ ಹೆಡ್ಡಿನ ಮೇಲೆ ದುಡ್ಡು ಹಾಕಬೇಡಿ. ಬ್ಲಾಕಿನ ಮೇಲ್ಮೈಗೆ ಸ್ಟ್ರೇಟ್ ಎಡ್ಜ್ (ನೇರವಾದ ಲೋಹದ ಪಟ್ಟಿ) ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ ನೋಡಿ, ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ನೋಡಿ, ಆಯಿಲ್ ಕೂಲರ್ ಇದ್ದರೆ ಅದನ್ನೂ ಬಿಚ್ಚಿ ಟೆಸ್ಟ್ ಮಾಡಿಸಿ.