ರೂಪಾಯಿ ಒತ್ತಬೇಡಿ

ವಿಯೆನ್ನಾ, ಪ್ರಾಗ್ ಸೇರಿ ಒಂಬತ್ತು ದಿನದ ತಿರುಗಾಟ. ಅದರಲ್ಲಿ ಬರೆಯಲೇಬೇಕು ಅನ್ನಿಸಿದ್ದು ಪ್ರಾಗಿನ ಒಂದು ಗೊಂಬೆಯಂಗಡಿಯಲ್ಲಿ ಕಳೆದ ಮುಕ್ಕಾಲು ಗಂಟೆಯನ್ನು ಮಾತ್ರ. ಅರಮನೆ, ಇಗರ್ಜಿ, ಗಡಿಯಾರದ ಗೋಪುರಗಳ ಫೋಟೋ ಎಲ್ಲರ ಫೋನಿನಲ್ಲೂ ಇರುತ್ತವೆ, ಬಿಡಿ.

ಮೊದಲು ಕಾರ್ಡಿನ ಕತೆ. ಮೂವತ್ತೆರಡು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು, ಬಂದವರಿಗೆಲ್ಲ ‘ಓದಿ ಸಹಿ ಹಾಕಿ’ ಎಂದು ಬುದ್ಧಿ ಹೇಳಿದವನು ನಾನು. ಹೊರಡುವ ಮುಂಚೆ ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ಪ್ರತಿ ಕೊಟ್ಟು, ವಿದೇಶಿ ಹಣ ಕೊಳ್ಳಲು ಬೇಕಾದ ಎ2 ಫಾರಂ ತುಂಬಿ, ಫಾರೆಕ್ಸ್ ಕಾರ್ಡಿಗೆ, ಅಂದರೆ ವಿದೇಶಿ ಹಣ ಮೊದಲೇ ತುಂಬಿಸಿಕೊಳ್ಳುವ ಕಾರ್ಡಿಗೆ, 1,800 ಯೂರೋ ಹಾಕಿಸಿದೆ. ಯೂರೋ 90 ರೂಪಾಯಿಯ ಆಸುಪಾಸಿನಲ್ಲಿತ್ತು. ಆವತ್ತಿನ ದರಕ್ಕೆ ಕೊಂಡಿಟ್ಟರೆ ಆಮೇಲೆ ಅದು ಎಷ್ಟು ಏರಿದರೂ ನಮಗೆ ತಲೆಬಿಸಿಯಿಲ್ಲ. ಇಂಥ ಕಾರ್ಡಿನ ನಿಜವಾದ ಲಾಭ ಇಷ್ಟೇ. “ಯೂರೋಪಿಗೆ ಯೂರೋ ಸಾಕು ಸರ್” ಎಂದ ಕಾರ್ಡು ಕೊಟ್ಟ ಹುಡುಗ. ಪ್ರಾಗ್ ಇರುವ ಜೆಕ್ ದೇಶ 2004ರಲ್ಲೇ ಯೂರೋಪಿನ ಒಕ್ಕೂಟ ಸೇರಿದ್ದರೂ ಅಲ್ಲಿ ಇನ್ನೂ ಓಡುವುದು ಕೊರೂನಾ ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಕೊರೂನಾ ಅಂದರೆ ಕಿರೀಟ. ವೈರಸ್ಸಿನ ಹೆಸರಿಗೂ ಮೂಲ ಅದೇ. ನಮ್ಮ ಮನೆಯವಳಿಗೆ ಆ ಶಬ್ದ ಕೇಳಿದರೇ ಕೈ ತೊಳೆಯಬೇಕು ಅನ್ನಿಸುತ್ತಿತ್ತಂತೆ.

ವಿಯೆನ್ನಾದ ಹೋಟೆಲಿನಲ್ಲಿ ಭದ್ರತೆಗೆಂದು ಕಾರ್ಡಿನಲ್ಲಿ 150 ಯೂರೋ ತಡೆಹಿಡಿದರು. ಮರಳಿ ಬರುತ್ತದೆ, ಆದರೆ ಯಾವಾಗ ಎಂದು ಅವರಿಗೂ ಗೊತ್ತಿರಲಿಲ್ಲ. ಇಂಥ ಕಡೆ ಕ್ರೆಡಿಟ್ ಕಾರ್ಡ್ ಕೊಡಿ. ಫಾರೆಕ್ಸ್ ಕಾರ್ಡಿನಲ್ಲಿ ತಡೆಹಿಡಿಯುವುದು ನಿಮ್ಮ ಜೇಬಿನ ದುಡ್ಡನ್ನೇ. ಅದೇ ರಾತ್ರಿ ಊಟದ ಬಿಲ್ಲು 64 ಯೂರೋ. ಯಂತ್ರದ ಪರದೆಯಲ್ಲಿ ಯೂರೋ ಪಕ್ಕದಲ್ಲೇ ರೂಪಾಯಿಯ ಮೊತ್ತವೂ ಕಾಣಿಸಿತು. ಪರದೇಶದಲ್ಲಿ ನಮ್ಮ ರೂಪಾಯಿ ನೋಡಿ ಹಿಗ್ಗಿ ಅದನ್ನೇ ಒತ್ತಿದೆ. ಬಂದ ಮೆಸೇಜಿನಲ್ಲಿ ಕಳೆದದ್ದು 69 ಯೂರೋ 60 ಸೆಂಟ್. ಟಿಪ್ಸ್ ಸೇರಿಸಿಕೊಂಡಿರಬೇಕು ಅಂದುಕೊಂಡು ಸುಮ್ಮನಾದೆ.

ಪ್ರಾಗ್ ತಲುಪಿದ ಮರುದಿನ, ಹಳೆ ಪಟ್ಟಣದ ಚೌಕದ ಹತ್ತಿರ ‘ಕಮಿಷನ್ 0%’ ಎಂದು ದೊಡ್ಡದಾಗಿ ಬರೆದುಕೊಂಡಿದ್ದ, ಹಣ ಬದಲಾಯಿಸುವ ಗೂಡಿನಲ್ಲಿ 50 ಯೂರೋ ಕೊಟ್ಟೆ. 930 ಕೊರೂನಾ ಎಣಿಸಿ ಕೊಟ್ಟರು. ಅದರಲ್ಲಿ 240 ಕೊಟ್ಟು ಎರಡು ತ್ರ್ದೆಲ್ನಿಕ್ ತಿಂದೆವು. ಕೋಲಿಗೆ ಹಿಟ್ಟು ಸುತ್ತಿ, ಕೆಂಡದ ಮೇಲೆ ಸುಟ್ಟು, ಸಕ್ಕರೆ ಮೆತ್ತುತ್ತಾರೆ. ಪರಿಮಳಕ್ಕೆ ನೂರು ಅಂಕ, ರುಚಿಗೆ ಮೂವತ್ತೈದು.

ಅಲ್ಲಿಂದ ಒಂದು ಓಣಿಯೊಳಗೆ ಆ ಅಂಗಡಿ. ಮಾಡಿನಿಂದ ನೂರಾರು ಗೊಂಬೆಗಳು ಇಳಿಬಿದ್ದಿದ್ದವು: ರಾಜ, ಮಾಟಗಾತಿ, ನೀರುಭೂತ, ಮತ್ತೆ ಕಾಶ್ಪಾರೆಕ್ ಎಂಬ ವಿದೂಷಕ. ಜೆಕ್ ಮತ್ತು ಸ್ಲೋವಾಕ್ ಗೊಂಬೆಯಾಟವನ್ನು ಯುನೆಸ್ಕೋ 2016ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ನಾನು ಕುಂದಾಪುರದವನು, ಹೊಳೆ ದಾಟಿದರೆ ಉಪ್ಪಿನಕುದ್ರು, ಕೊಗ್ಗ ಕಾಮತರ ಯಕ್ಷಗಾನ ಗೊಂಬೆಗಳ ಊರು. ಕಾಶ್ಪಾರೆಕ್‌ನ ವಕ್ರ ಮೂತಿ ಕಂಡದ್ದೇ ನಮ್ಮ ಆಟದ ಹಾಸ್ಯಗಾರ ನೆನಪಾದ. ಅಂಗಡಿಯಾಕೆಗೆ ಅರವತ್ತರ ಮೇಲಿರಬಹುದು. ಗೊಂಬೆಯನ್ನು ಕೆಳಗಿಳಿಸಿ ಕೈಗೆ ಕೊಟ್ಟರು. ನಮ್ಮಲ್ಲಿ ಎಲ್ಲಕ್ಕೂ ದಾರ. ಅವರದ್ದರಲ್ಲಿ ಕೈಕಾಲಿಗೆ ದಾರ, ತಲೆಗೆ ಮಾತ್ರ ದಪ್ಪ ಸರಿಗೆ. ಹಾಗಾಗಿ ನಡಿಗೆ ಗಟ್ಟಿ, ಆದರೆ ನಮ್ಮ ಗೊಂಬೆಗಳ ಬಳುಕು ಇಲ್ಲ. ಇದು ಊರಿನ ಅಭಿಮಾನವೂ ಇರಬಹುದು.

ಬೆಲೆ 2,400. ಸ್ವಲ್ಪ ನಗದು, ಉಳಿದದ್ದು ಕಾರ್ಡಿನಲ್ಲಿ ಕೊಡಬಹುದೇ ಎಂದು ನೋಟು ತೆಗೆದೆ. ಆಕೆ ನೋಟಿನ ಜೊತೆ ಮಡಚಿದ್ದ ರಸೀದಿ ನೋಡಿ, “ಇಷ್ಟಕ್ಕೆ ಎಷ್ಟು ಕೊಟ್ಟಿರಿ?” ಎಂದರು. ಹೇಳಿದೆ. ಅವರ ಮುಖ ಹುಳಿಯಾಯಿತು. ನ್ಯಾಯವಾಗಿ ಸಾವಿರದ ಇನ್ನೂರರ ಮೇಲೆ ಸಿಗಬೇಕಿತ್ತು. ರಸೀದಿಯ ಸಮಯ ನೋಡಿದರು: 11.20. ಗೋಡೆ ಗಡಿಯಾರದಲ್ಲಿ 1.05. “ಇನ್ನೂ ಹೊತ್ತಿದೆ” ಎಂದರು. 2019ರ ಏಪ್ರಿಲ್‌ನಿಂದ ಅಲ್ಲೊಂದು ಕಾನೂನು ಇದೆ. ಇಂಥ ಗೂಡುಗಳಲ್ಲಿ 1,000 ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು, ರಸೀದಿ ಇದ್ದರೆ ಸಾಕು. ಆದರೆ 930 ಪೂರ್ತಿ ಹಿಂದಿರುಗಿಸಬೇಕು. 240 ನಮ್ಮ ಹೊಟ್ಟೆಯಲ್ಲಿತ್ತು. ಆಕೆ ಬಿಲ್ಲನ್ನು 2,640 ಮಾಡಿ, 240 ನಗದು ನನ್ನ ಕೈಗಿಟ್ಟರು. “ತ್ರ್ದೆಲ್ನಿಕ್ ನಮ್ಮ ಹಳೆ ತಿಂಡಿಯೇ ಅಲ್ಲ, ನಿಮ್ಮಂಥವರಿಗಾಗಿ ಬಂದದ್ದು” ಎಂದೂ ಸೇರಿಸಿದರು. ಮೂವತ್ತೈದು ಅಂಕವೇ ಹೆಚ್ಚಾಯಿತು.

ಯಂತ್ರಕ್ಕೆ ಕಾರ್ಡು ಹಾಕಿದೆ. ಮತ್ತೆ ಅದೇ ಪ್ರಶ್ನೆ: 2,640 ಕೊರೂನಾವೋ, 10,090 ರೂಪಾಯಿಯೋ? ನನ್ನ ಬೆರಳು ಹೊರಟಿತ್ತು. ಆಕೆ ಅಂಗೈ ಅಡ್ಡ ಹಿಡಿದರು. “ರೂಪಾಯಿ ಒತ್ತಬೇಡಿ.”

ಅವರು ಹೇಳಿದ್ದಕ್ಕೆ ನನ್ನ ಬ್ಯಾಂಕುಬುದ್ಧಿ ಸೇರಿಸಿದಾಗ ವಿಯೆನ್ನಾದ ಆ ಐದೂವರೆ ಯೂರೋ ಎಲ್ಲಿ ಹೋಯಿತೆಂದು ತಿಳಿಯಿತು. ಕಾರ್ಡಿನ ಮೊದಲ ಅಂಕಿಗಳನ್ನು ಓದಿ ಯಂತ್ರ ಇದು ಭಾರತದ್ದು ಎಂದು ಗುರುತಿಸುತ್ತದೆ. ಒಳಗಿರುವುದು ಯೂರೋ ಎಂಬುದು ಅದಕ್ಕೆ ತಿಳಿಯದು. ರೂಪಾಯಿ ಒತ್ತಿದರೆ ಯಂತ್ರದವರು ತಮ್ಮ ಲಾಭ ಇಟ್ಟುಕೊಂಡು ಬಿಲ್ಲನ್ನು ರೂಪಾಯಿ ಮಾಡುತ್ತಾರೆ. ಕಾರ್ಡಿನಲ್ಲಿ ರೂಪಾಯಿ ಇಲ್ಲವಲ್ಲ, ಕಾರ್ಡಿನವರು ತಮ್ಮ ಮೂರೂವರೆ ಶೇಕಡ ಹಿಡಿದು ಅದನ್ನು ಮತ್ತೆ ಯೂರೋ ಮಾಡುತ್ತಾರೆ. ಒಂದೇ ಊಟಕ್ಕೆ ಎರಡು ದಲ್ಲಾಳಿ. ಕೊರೂನಾ ಒತ್ತಿದರೂ ಆ ಮೂರೂವರೆ ತಪ್ಪುವುದಿಲ್ಲ, ಆದರೆ ದಲ್ಲಾಳಿ ಒಬ್ಬನೇ.

“ಹ್ವಾಯ್, ಮೂವತ್ತೆರಡ್ ವರ್ಷ ಬ್ಯಾಂಕಂಗೆ ಎಂತ ಮಾಡ್ತಿದ್ರಿ ಮರ್ರೆ?” ಎಂದಳು ನಮ್ಮವಳು. ಅಂಗಡಿಯಾಕೆಗೆ ಭಾಷೆ ತಿಳಿಯದಿದ್ದರೂ ಧಾಟಿ ತಿಳಿಯಿತು, ನಕ್ಕರು. ನಾನು ಬ್ಯಾಂಕಿನವನೆಂದಾಗ ಮಾತು ಬೇರೆ ಕಡೆ ಹೊರಳಿತು.

ಅವರ ಅಜ್ಜಿ ಹೊಲಿಗೆ ಯಂತ್ರಕ್ಕೆಂದು 4,000 ಕೊರೂನಾ ಕೂಡಿಟ್ಟಿದ್ದರಂತೆ. 1953ರ ಮೇ ಕೊನೆಯಲ್ಲಿ ನಮ್ಮ ಹಣ ಗಟ್ಟಿಯಾಗಿದೆ ಎಂದು ಆಗಿನ ಚೆಕೊಸ್ಲೊವಾಕಿಯಾದ ಅಧ್ಯಕ್ಷ ಝಾಪೊತೊಟ್ಸ್ಕಿ ಭರವಸೆ ಕೊಟ್ಟ ಮರುದಿನವೇ ಹಣ ಬದಲಾಯಿಸುವ ಘೋಷಣೆ ಬಂತು. ಜೂನ್ 1ರಿಂದ ತಲೆಗೆ 300 ಕೊರೂನಾದವರೆಗೆ ಐದು ಹಳೆಯದಕ್ಕೆ ಒಂದು ಹೊಸದು. ಅದರ ಮೇಲಿನ ನಗದಿಗೆ ಐವತ್ತಕ್ಕೆ ಒಂದು. ಪ್ಲ್ಜೆನ್ ಊರಿನಲ್ಲಿ ಕಾರ್ಮಿಕರು ಬೀದಿಗಿಳಿದರು. ನಾನು ರಸೀದಿಯ ಹಿಂಬದಿಯಲ್ಲೇ ಲೆಕ್ಕ ಹಾಕಿದೆ: 60 ಮತ್ತು 74. ಒಟ್ಟು 134. “ಹೌದು, ಅಜ್ಜಿಯೂ ಅದೇ ಸಂಖ್ಯೆ ಹೇಳುತ್ತಿದ್ದರು” ಎಂದರು ಆಕೆ. ಸಾಯುವವರೆಗೂ ಅವರು ಸೂಜಿಯಲ್ಲೇ ಹೊಲಿದರಂತೆ.

ನಾನು 2016ರ ನವೆಂಬರ್ 8ರ ಮಾತು ಹೇಳಿದೆ. ಆ ಐವತ್ತು ದಿನ ಕೌಂಟರಿನ ಈಚೆಗಿದ್ದವನು ನಾನೇ. ಗಡುವು ಮುಗಿದ ಮೇಲೆ, ಜನವರಿಯಲ್ಲಿ, ಗಂಗೊಳ್ಳಿ ಕಡೆಯ ಮೀನು ಮಾರುವ ಮುದುಕಿಯೊಬ್ಬರು ಅಕ್ಕಿ ಮಡಕೆಯಲ್ಲಿಟ್ಟು ಮರೆತಿದ್ದ ಹದಿನಾಲ್ಕು ಐನೂರರ ನೋಟು ತಂದಿದ್ದರು. ಉಪ್ಪಿನ ವಾಸನೆ. ಆಗುವುದಿಲ್ಲ ಅಮ್ಮ ಎಂದೆ. “ಗಾಂಧಿ ಇದ್ರಲ್ಲ ಮಗಾ ಇದ್ರಗೆ” ಎಂದು ನೋಟು ತಿರುಗಿಸಿ ತೋರಿಸಿದ್ದರು. ಇದನ್ನು ಇಂಗ್ಲಿಷಿನಲ್ಲಿ ಹೇಳಲಿಕ್ಕೆ ನನಗೆ ಸರಿಯಾಗಿ ಬರಲಿಲ್ಲ. ಆಕೆ ಕಾಶ್ಪಾರೆಕ್‌ನನ್ನು ಕಾಗದದಲ್ಲಿ ಸುತ್ತುತ್ತಿದ್ದ ಕೈ ನಿಲ್ಲಿಸಿ ಕೇಳಿದರು. ಆಮೇಲೆ ಗಡಿಯಾರ ತೋರಿಸಿ, “ಓಡಿ” ಎಂದರು.

ಓಡಿದೆವು. ಮೊಣಕಾಲು ನೋವಿನ ಇಬ್ಬರು, ಕಲ್ಲು ಹಾಸಿನ ಬೀದಿ, ಕಂಕುಳಲ್ಲಿ ಗೊಂಬೆ. ಗೂಡಿನವನು ಮೊದಲು ಕೇಳಿಸದವನಂತೆ ಮಾಡಿದ. ರಸೀದಿಯನ್ನು ಗಾಜಿಗೆ ಒತ್ತಿ ಹಿಡಿದು ‘ಮೂರು ಗಂಟೆ’ ಎಂದು ಬೆರಳು ತೋರಿಸಿದಾಗ, ಒಂದು ಮಾತೂ ಆಡದೆ 930 ಎಣಿಸಿಕೊಂಡು 50 ಯೂರೋ ನೋಟನ್ನು ತಳ್ಳಿದ.

ಮಧ್ಯಾಹ್ನ ಚೆಸ್ನೆಚ್ಕಾ ಕುಡಿದೆವು, ಬೆಳ್ಳುಳ್ಳಿಯ ಸೂಪು. ಆ ದೇಶದಲ್ಲಿ ನಮ್ಮವಳು ‘ಸಾರು’ ಎಂದು ಒಪ್ಪಿದ್ದು ಅದೊಂದನ್ನೇ. ಉಳಿದ ಎರಡು ದಿನ ಸೇತುವೆ, ಕೋಟೆ, ಮಳೆ.

ಇನ್ನು ವಿಯೆನ್ನಾದ 150 ಯೂರೋ. ಅದು ಕಾರ್ಡಿಗೆ ಮರಳಿದ್ದು ನಾವು ಊರಿಗೆ ಬಂದ ಹದಿನೇಳನೆಯ ದಿನ. ಕುಂದಾಪುರದ ಪೇಟೆಯಲ್ಲಿ ಯೂರೋ ಇಟ್ಟುಕೊಂಡು ಬಂಗುಡೆ ತರಲಿಕ್ಕಾಗುತ್ತದೆಯೇ?